ವಿಪಿಎನ್ ಹಾಕಿಕೊಂಡರೆ ನಾವು ಯಾರಿಗೂ ಕಾಣುವುದಿಲ್ಲವೇ? ಅದನ್ನು ನಿರ್ಬಂಧಿಸುವುದು ಸರಿಯೇ?

ಕಾಣುತ್ತೀರಿ, ನೋಡುವವರು ಬದಲಾಗುತ್ತಾರೆ ಅಷ್ಟೇ. ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ವಿಪಿಎನ್ ಎಂದರೆ ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಕಂಪ್ಯೂಟರ್ ಮೂಲಕ ಗುಟ್ಟಾಗಿ ಸಾಗಿಸುವ ಸೇವೆ. ಕಳೆದ ವಾರ ಒಬ್ಬಳ ಮೊಬೈಲಿನಲ್ಲಿ ವಿಪಿಎನ್ ಚಾಲೂ ಮಾಡಿಸಿ, ಐಪಿ ವಿಳಾಸವನ್ನೂ (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅದರ ಊರನ್ನೂ ತೋರಿಸುವ ಪುಟ ತೆರೆಸಿದೆ. ಪರದೆಯ ಮೇಲ್ತುದಿಯಲ್ಲಿ ಪುಟ್ಟ ಬೀಗದಕೈ ಚಿಹ್ನೆ ಮೂಡಿತು. ಕಲಬುರಗಿಯಲ್ಲಿ ಕುಳಿತವಳ ಊರು ಆಮ್‌ಸ್ಟರ್‌ಡ್ಯಾಮ್ ಎಂದು ಬಂತು!

ಮೊಬೈಲ್ ತಾನು ಕಳಿಸುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಇನ್ನೊಂದು ಲಕೋಟೆಯೊಳಗಿಟ್ಟು ವಿಪಿಎನ್ ಸರ್ವರಿಗೆ, ಅಂದರೆ ವಿಪಿಎನ್ ಕಂಪನಿಯ ಕಂಪ್ಯೂಟರಿಗೆ, ಕಳಿಸುತ್ತದೆ. ಇಂಟರ್ನೆಟ್ ಕೊಡುವ ಕಂಪನಿಗೆ ಹೊರ ಲಕೋಟೆಯ ವಿಳಾಸವಷ್ಟೇ ಕಾಣುತ್ತದೆ. ಸರ್ವರ್ ಅದನ್ನು ಒಡೆದು, ತನ್ನ ವಿಳಾಸದಿಂದ ಮುಂದಕ್ಕೆ ಕಳಿಸುತ್ತದೆ. ಹೀಗಾಗಿ ನೀವು ಯಾವ ಯಾವ ತಾಣಕ್ಕೆ ಹೋದಿರಿ ಎಂಬುದು ಈಗ ವಿಪಿಎನ್ ಕಂಪನಿಗೆ ತಿಳಿಯುತ್ತದೆ. ಗುರುತು ಪರಿಚಯವಿಲ್ಲದ ಪುಕ್ಕಟೆ ಆ್ಯಪ್‌ಗಳನ್ನು ನಾನು ನಂಬದಿರುವುದು ಇದಕ್ಕಾಗಿಯೇ. ಇನ್ನು ಜಿಮೇಲ್‌ಗೆ ಲಾಗಿನ್ ಆದರಂತೂ ನೀವು ಯಾರೆಂದು ಗೂಗಲ್‌ಗೆ ಗೊತ್ತೇ ಇರುತ್ತದೆ.

ಭಾರತದಲ್ಲಿ ವಿಪಿಎನ್‌ಗೆ ದೇಶವ್ಯಾಪಿ ನಿಷೇಧವಿಲ್ಲ. ಆದರೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು ಕನಿಷ್ಠ 5 ವರ್ಷ ಕಾಯ್ದಿಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ಇದಕ್ಕೊಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ತೆಗೆದವು. ವಂಚಕರನ್ನು ಹಿಡಿಯಲು ದಾಖಲೆ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೂ ತಪ್ಪು ಮಾಡದ ಎಲ್ಲರ ವಿವರಗಳನ್ನೂ ಅಷ್ಟು ಕಾಲ ಕೂಡಿಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಒಮ್ಮೆ ಸೋರಿದರೆ ಮರಳಿ ತುಂಬಿಕೊಳ್ಳಲಾಗದು. ನ್ಯಾಯಾಲಯದ ಆದೇಶದ ಮೇಲೆ, ಶಂಕಿತರ ಮಾಹಿತಿಯನ್ನಷ್ಟೇ ಪಡೆಯಲಿ.