ಕೃಷಿ ಪ್ರಶ್ನೋತ್ತರ: ಬಿಟಿ ಹತ್ತಿಯ ಸಣ್ಣ ಪೊಟ್ಟಣ ಎಲ್ಲಿ ಹೋಯಿತು?

ಪ್ರಶ್ನೆ: ಬಿಟಿ ಹತ್ತಿ ಬೀಜದ ಜೊತೆ ಮೊದಲು 120 ಗ್ರಾಂನ ಸಣ್ಣ ಪೊಟ್ಟಣ ಬರುತ್ತಿತ್ತು. ಈಗ ಒಂದೇ ಪ್ಯಾಕೆಟ್. ಕಂಪನಿಯವರು ಉಳಿಸಿಕೊಂಡರೇ?
(ರಾಯಚೂರು ಜಿಲ್ಲೆಯ ಓದುಗರು)

ಉತ್ತರ: ಇಲ್ಲ, ನಿಯಮವೇ ಬದಲಾಗಿದೆ. 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕ ಹುಳಕ್ಕೆ ವಿಷವಾಗುವಂತೆ ಹೊರಗಿನ ಜೀನ್ ಸೇರಿಸಿದ ಹತ್ತಿಗೆ, ಒಪ್ಪಿಗೆ ಕೊಡುವಾಗ ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ ಜಿಇಎಸಿ ಒಂದು ಷರತ್ತು ಹಾಕಿತ್ತು: ಹೊಲದ ಸುತ್ತ ಐದು ಸಾಲು ಅಥವಾ ವಿಸ್ತೀರ್ಣದ ಶೇ 20, ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿ ಅಲ್ಲದ ಹತ್ತಿ ಹಾಕಬೇಕು. 450 ಗ್ರಾಂ ಬಿಟಿ ಬೀಜಕ್ಕೆ ಆ 120 ಗ್ರಾಂ ಬಂದದ್ದು ಇದಕ್ಕೇ. ಬಿಟಿ ವಿಷ ತಿಂದೂ ಬದುಕುವ ಹುಳ ಒಂದೆರಡು ಇದ್ದೇ ಇರುತ್ತವೆ. ಅವು ಪತಂಗವಾಗಿ ತಮ್ಮಂಥವುಗಳ ಜೊತೆಯೇ ಕೂಡಿದರೆ ಮರಿಗಳೆಲ್ಲ ಗಟ್ಟಿ ಪಿಂಡಗಳು. ಮಾಮೂಲಿ ಹತ್ತಿಯಲ್ಲಿ ಬೆಳೆದ ಪತಂಗದ ಜೊತೆ ಕೂಡಿದರೆ ಮರಿಗೆ ನಿರೋಧದ ಜೀನ್ ಒಂದೇ ಕಡೆಯಿಂದ ಸಿಗುತ್ತದೆ, ಹೆಚ್ಚಿನವು ಬಿಟಿ ಗಿಡದಲ್ಲಿ ಸಾಯುತ್ತವೆ.

ಲೆಕ್ಕ ಸರಿಯೇ ಇತ್ತು. ಆದರೆ ಐದನೇ ಒಂದು ಪಾಲು ಹುಳಕ್ಕೆ ಬಿಡಿ ಎಂದರೆ ಎರಡೆಕರೆಯವನು ಕೇಳಿಯಾನೇ? ಪೊಟ್ಟಣ ಬದುವಿನ ಪಾಲಾಯಿತು. ಬಿತ್ತಿದ ಕಡೆಯೂ ಕೆಲವು ಬೀಜ ಬಿಟಿಯ ಜೊತೆಗೆ ಹೂವಿಗೆ ಬರಲಿಲ್ಲ. ಬೇರೆ ಬೇರೆ ಕಾಲಕ್ಕೆ ಹುಟ್ಟಿದ ಪತಂಗಗಳು ಕೂಡುವುದೆಲ್ಲಿ? ಹಸಿರು ಕಾಯಿಕೊರಕಕ್ಕೆ ತೊಗರಿ, ಕಡಲೆ ಇದ್ದವು. ಗುಲಾಬಿ ಕಾಯಿಕೊರಕಕ್ಕೆ ಹತ್ತಿ ಬಿಟ್ಟರೆ ಗತಿಯಿಲ್ಲ, ಮೊದಲು ಗಟ್ಟಿಯಾದದ್ದೂ ಅದೇ.

ಈಗಿನ 475 ಗ್ರಾಂ ಪ್ಯಾಕೆಟ್ಟಿನಲ್ಲಿ ಶೇ 5ರಿಂದ 10 ಬಿಟಿ ಅಲ್ಲದ ಬೀಜ ಬೆರೆಸಿಯೇ ಇರುತ್ತದೆ. ಬಿತ್ತಿದರೆ ನಿಯಮ ಪಾಲಿಸಿದಂತೆಯೇ. ಗುಲಾಬಿ ಹುಳ ಕಾಯಿ ಹೊಕ್ಕಮೇಲೆ ಗಿಡದಿಂದ ಗಿಡಕ್ಕೆ ಹರಿದಾಡುವುದು ಅಪರೂಪ, ಹಾಗಾಗಿ ಬೆರಕೆ ಅದಕ್ಕೆ ಒಗ್ಗುತ್ತದೆ. ಓಡಾಡುವ ಹಸಿರು ಕಾಯಿಕೊರಕಕ್ಕೆ ಅಷ್ಟು ಒಗ್ಗದು. ಏನೇ ಆಗಲಿ, ಈ ಬುದ್ಧಿ ತಡವಾಗಿ ಬಂತು.

ಪ್ಯಾಕೆಟ್ ನಂಬಿ ಕೂರಬೇಡಿ. ಬಿತ್ತಿದ 45 ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿ. ಒಂದೊಂದು ಬಲೆಗೆ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ, ಅಥವಾ ಒಡೆದು ನೋಡಿದ 20 ಹಸಿರು ಕಾಯಲ್ಲಿ ಎರಡರಲ್ಲಿ ಹುಳ ಕಂಡರೆ ಸಿಂಪಡಣೆಗೆ ಹೊತ್ತಾಯಿತು. ಕಾಲುವೆ ನೀರಿದೆಯೆಂದು ಬೆಳೆಯನ್ನು ಡಿಸೆಂಬರ್ ದಾಟಿಸಬೇಡಿ, ಹತ್ತಿ ಕಟ್ಟಿಗೆಯನ್ನು ಹೊಲದಂಚಿನಲ್ಲಿ ಒಟ್ಟಬೇಡಿ.

ಪ್ರಶ್ನೆ: ಜೀನ್ ತಿದ್ದಿದ ‘ಕಮಲಾ’ ಭತ್ತಕ್ಕೆ ಜಿಇಎಸಿ ಒಪ್ಪಿಗೆ ಬೇಡವೇ?
(ಸಿಂಧನೂರು ಓದುಗರು)

ಉತ್ತರ: ಬೇಡ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರು ನಿಮ್ಮ ಕಡೆಯ ಬಿಪಿಟಿಯಲ್ಲೇ, ಅಂದರೆ ಸಾಂಬಾ ಮಸೂರಿಯಲ್ಲೇ, ತೆನೆಯ ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಜೀನನ್ನು ತಿದ್ದಿದ್ದಾರೆ. ಹೊರಗಿನ ಜೀನ್ ಉಳಿಸಿಲ್ಲ. ಇಂಥ ಸಸ್ಯಗಳಿಗೆ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ ಕುಲಾಂತರಿಗಳ ಮೇಲಿನ 1989ರ ನಿಯಮಾವಳಿಯ 7ರಿಂದ 11ನೇ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. ಹಾಗೆಂದು ಬಾಗಿಲು ಹಾರುಹೊಡೆದಿಲ್ಲ: ಜೀನ್ ತಿದ್ದಲು ಕತ್ತರಿಯಾಗಿ ಬಳಸಿದ ಕ್ಯಾಸ್ ಎಂಬ ಹೊರಗಿನ ಜೀನ್ ಮುಂದಿನ ಪೀಳಿಗೆಯ ಗಿಡದಲ್ಲಿ ಇಲ್ಲವೆಂದು ಡಿಎನ್‌ಎ ಪರೀಕ್ಷೆಯಿಂದ ತೋರಿಸಬೇಕು, ಅದನ್ನು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಒಪ್ಪಬೇಕು. ಆಮೇಲೆ ಬೇರೆಲ್ಲ ತಳಿಗಳಂತೆ ಬಹುಸ್ಥಳ ಪ್ರಯೋಗ.