ಜಾರಿದ ಚಪ್ಪಲಿಯ ವಿಷಯ ಮನೆಯಲ್ಲಿ ಹೇಳಿ

ಪ್ರಶ್ನೆ: ನನಗೆ 46 ವರ್ಷ. ಐದು ತಿಂಗಳ ಹಿಂದೆ ಸೊಂಟದ ಎರಡು ಮೂಳೆಗಳನ್ನು ಸ್ಕ್ರೂ, ರಾಡ್ ಹಾಕಿ ಜೋಡಿಸುವ ಆಪರೇಷನ್ ಆಯಿತು. ನಮ್ಮ ಯಜಮಾನರಿಗೆ ಅದು ಬೇಡವಾಗಿತ್ತು. ನಾನೇ ಹಟ ಹಿಡಿದು ಮಾಡಿಸಿಕೊಂಡೆ. ಆಗ ನರದ ಹೊದಿಕೆ ಹರಿದು ಒಳಗಿನ ನೀರು ಸೋರತೊಡಗಿತು. ಎದ್ದು ಕೂತರೆ ಸಾಕು, ತಲೆ ಸಿಡಿಯುತ್ತಿತ್ತು. ಹತ್ತನೇ ದಿನ ಮತ್ತೆ ಆಪರೇಷನ್ ಮಾಡಿದರು. ಮೊದಲಿದ್ದ ಕಾಲುನೋವು ಈಗ ಇಲ್ಲ. ಆದರೆ ಬಲಪಾದವನ್ನು ಮೇಲೆತ್ತಲು ಆಗುವುದಿಲ್ಲ. ನಡೆಯುವಾಗ ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ, ತಿರುಗಿ ನೋಡಿದರೆ ಹಿಂದೆ ಬಿದ್ದಿರುತ್ತದೆ. ಹೋದ ವಾರ ಬಚ್ಚಲಲ್ಲಿ ಬಿದ್ದೆ. ಯಾರಿಗೂ ಹೇಳಿಲ್ಲ. ಕೇಳಿದವರಿಗೆಲ್ಲ ‘ಆರಾಮಾಗಿದ್ದೀನಿ’ ಅನ್ನುತ್ತೇನೆ. ರಾತ್ರಿ ಒಂದು ನೋವಿನ ಮಾತ್ರೆಯ ಬದಲು ಎರಡು ನುಂಗಿ ಮಲಗುತ್ತೇನೆ. ಹಟ ಮಾಡಿದವಳು ನಾನು, ಈಗ ಯಾವ ಮುಖ ಇಟ್ಟುಕೊಂಡು ನೋವು ಅನ್ನಲಿ?
– ಹೆಸರು ಬೇಡ

ಉತ್ತರ: ಮನಸ್ಸಿನ ಮಾತು ಆಮೇಲೆ ಆಡೋಣ. ಮೊದಲು ಬಿದ್ದ ವಿಷಯ. ಇದನ್ನು ಓದಿದ ಕೂಡಲೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ. ಪೆಟ್ಟು ಅಷ್ಟೇನೂ ಆಗಿಲ್ಲ ಅನ್ನಿಸಿದರೂ ಮಾಡಿ. ಎರಡು ಕಡ್ಡಿಗಳಿಗೆ ಗೋಂದು ಹಚ್ಚಿ ದಾರ ಸುತ್ತಿ ಇಡುತ್ತೇವಲ್ಲ, ನಿಮ್ಮ ಬೆನ್ನಿನಲ್ಲಿರುವ ಸ್ಕ್ರೂ, ರಾಡ್ ಆ ದಾರದ ಹಾಗೆ. ಒಳಗೆ ಮೂಳೆ ಬೆಸೆದುಕೊಳ್ಳುವವರೆಗೆ ಅವು ಹಿಡಿದಿಟ್ಟಿರುತ್ತವೆ, ಅಷ್ಟೇ. ಆ ಬೆಸುಗೆಗೆ ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಿಮಗೆ ಆಗಿರುವುದು ಐದೇ ತಿಂಗಳು. ಬಿದ್ದಾಗ ಏನಾದರೂ ಅಲುಗಿದೆಯಾ ಎಂದು ಪರೀಕ್ಷೆ ಮಾಡಿ, ಬೇಕಾದರೆ ಎಕ್ಸ್‌ರೇ ತೆಗೆಸಿ ನೋಡುತ್ತಾರೆ.

ಇನ್ನೊಂದು ಮಾತನ್ನು ಮನೆಯವರಿಗೂ ಓದಿ ಹೇಳಿ. ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ, ಕೂರುವ ಜಾಗದಲ್ಲಿ, ತೊಡೆಗಳ ನಡುವೆ ಜೋಮು ಹಿಡಿದರೆ, ಕಾಲಿನ ಬಲ ಇನ್ನೂ ಕುಗ್ಗಿದರೆ, ಬೆಳಗಾಗಲಿ ಎಂದು ಕಾಯಬಾರದು. ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದು ಗಾಯದ ಜಾಗ ಕೆಂಪಾದರೆ, ಒಂದೇ ಮೀನಖಂಡ ಊದಿ ನೋಯತೊಡಗಿದರೆ, ಎದ್ದು ಕೂತಾಗ ಆ ಹಳೆಯ ತಲೆನೋವು ಮರಳಿದರೆ ಅದೇ ದಿನ ತಿಳಿಸಿ. ಉಸಿರು ಕಟ್ಟಿದ ಹಾಗಾದರೆ ಫೋನ್ ಮಾಡುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಹೋಗಿ.

ಮಾತ್ರೆಯನ್ನೂ ಮುಚ್ಚಿಡಬೇಡಿ. ಆದರೆ ಗಾಬರಿಯಾಗಿ ಇವತ್ತೇ ಪೂರ್ತಿ ನಿಲ್ಲಿಸಲೂ ಹೋಗಬೇಡಿ. ಕೆಲವು ನೋವಿನ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ಮೈ ನಡುಗಿ, ನಿದ್ದೆ ಕೆಟ್ಟು ಒದ್ದಾಡುವಂತಾಗುತ್ತದೆ. ಎರಡು ನುಂಗುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿ. ಎಷ್ಟು ತಗೋಬೇಕು, ಹೇಗೆ ಕಡಿಮೆ ಮಾಡಬೇಕು ಎಂದು ಅವರೇ ಹೇಳುತ್ತಾರೆ.

ಈಗ ಪಾದದ ವಿಷಯ. ಪಾದ ಎತ್ತುವ ನರಕ್ಕೆ ಪೆಟ್ಟಾದಾಗ ಹೀಗೆ ಪಾದ ಜೋತು ಬೀಳುತ್ತದೆ. ‘ಫುಟ್ ಡ್ರಾಪ್’ ಎಂದು ಡಾಕ್ಟರು ಹೇಳಿದ್ದು ನೆನಪಿರಬಹುದು. ನರ ತುಂಬಾ ನಿಧಾನದ ಜೀವ. ಮತ್ತೆ ಬೆಳೆಯಬೇಕಾಗಿ ಬಂದರೆ ದಿನಕ್ಕೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ಅಷ್ಟೇ. ಸೊಂಟದಿಂದ ಕೆಳಗೆ ಎಷ್ಟು ದೂರ ನೋಡಿ. ಹಾಗಾಗಿ ಐದು ತಿಂಗಳಿಗೆ ‘ಇಷ್ಟೇ ನನ್ನ ಗತಿ’ ಎಂದು ಕೈಚೆಲ್ಲಬೇಡಿ. ಪೂರ್ತಿ ಸರಿಹೋಗುತ್ತದೆ ಎಂದು ನಾನು ಸುಳ್ಳು ಧೈರ್ಯವನ್ನೂ ಹೇಳುವುದಿಲ್ಲ. ಕೆಲವರಿಗೆ ಪೂರ್ತಿ ಬಲ ಬರುತ್ತದೆ, ಕೆಲವರಿಗೆ ಅರ್ಧ ಬಂದು ನಿಲ್ಲುತ್ತದೆ. ಅಲ್ಲಿಯವರೆಗೆ ಪಾದವನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಸಿಗುತ್ತದೆ. ಅದನ್ನು ಹಾಕಿಕೊಂಡರೆ ಬೆರಳು ನೆಲಕ್ಕೆ ಎಡವುವುದು ತಪ್ಪುತ್ತದೆ. ಫಿಸಿಯೋಥೆರಪಿಯವರನ್ನು ಕೇಳಿ. ಹಿಮ್ಮಡಿ ಪಟ್ಟಿ ಇಲ್ಲದ ಚಪ್ಪಲಿ ಇವತ್ತಿನಿಂದಲೇ ಬೇಡ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಗಟ್ಟಿ ಹಿಡಿಕೆ ಹಾಕಿಸಿ.

ಇನ್ನು ‘ಯಾವ ಮುಖ ಇಟ್ಟುಕೊಂಡು’ ಎಂದು ಕೇಳಿದ್ದೀರಲ್ಲ, ಆ ಸಾಲಿನ ಹತ್ತಿರ ನಾನು ತುಂಬಾ ಹೊತ್ತು ನಿಂತೆ.

ನೀವು ಹಟ ಹಿಡಿದಿದ್ದು ಯಾಕೆ? ಕಾಲುನೋವಿಗೆ. ಸುಮ್ನೆ ಯಾರೂ ಬೆನ್ನು ಕೊಯ್ಯಿಸಿಕೊಳ್ಳುವುದಿಲ್ಲ. ಆ ನೋವು ಇವತ್ತು ಇಲ್ಲ, ನೀವೇ ಬರೆದಿದ್ದೀರಿ. ಅಂದರೆ ನೀವು ಯಾವುದಕ್ಕೆ ಆಪರೇಷನ್‌ಗೆ ಒಪ್ಪಿದಿರೋ ಆ ಕೆಲಸ ಆಗಿದೆ. ಅದರ ಜೊತೆಗೆ ಬೇಡದ್ದೂ ಆಗಿದೆ. ಎರಡೂ ನಿಜ. ನರದ ಹೊದಿಕೆ ಬಹಳ ತೆಳು. ಒಳ್ಳೆಯ ಕೈಯಲ್ಲೂ ಅದು ಕೆಲವೊಮ್ಮೆ ಹರಿಯುತ್ತದೆ. ಬೆನ್ನಿನ ಆಪರೇಷನ್‌ನಲ್ಲಿ ಹೀಗಾಗಬಹುದು ಎಂಬುದು ಡಾಕ್ಟರುಗಳಿಗೆ ಹೊಸದಲ್ಲ. ನಿಮ್ಮ ಹಟದಿಂದ ಅದು ಹರಿಯಲಿಲ್ಲ. ಹರಿಯುತ್ತದೆ ಎಂದು ನಿಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. ಅವರಿಗೆ ಭಯ ಇತ್ತು, ನಿಮಗೆ ನೋವು ಇತ್ತು. ಅವತ್ತು ನಿಮ್ಮಿಬ್ಬರ ಕೈಯಲ್ಲಿ ಇದ್ದದ್ದು ಅಷ್ಟೇ ಅಲ್ವಾ?

ನನ್ನ ಅಕ್ಕನಿಗೆ ಒಂದು ದೊಡ್ಡ ಆಪರೇಷನ್ ಆಗಿತ್ತು. ದಿನಾ ‘ಆರಾಮಾಗಿದ್ದೀನಿ’ ಅನ್ನುತ್ತಿದ್ದಳು. ಅವಳು ಹಾಗಂದಾಗ ನಮಗೂ ಹಗುರಾಗುತ್ತಿತ್ತು. ಅದಕ್ಕೇ ನಾವ್ಯಾರೂ ಎರಡನೇ ಸಲ ಕೇಳಲಿಲ್ಲ. ಗಾಯದಲ್ಲಿ ಕೀವಾಗಿದೆ ಎಂದು ಗೊತ್ತಾದದ್ದು ಜ್ವರ ಏರಿದ ಮೇಲೆ. ಅವಳ ಮೇಲೆ ರೇಗಿದೆ. ಆಮೇಲೆ ನನ್ನ ಮೇಲೇ ನಾಚಿಕೆಯಾಯಿತು. ಕೇಳುವ ರೀತಿಯಲ್ಲಿ ನಾನು ಕೇಳಿರಲೇ ಇಲ್ಲ.

ನಿಮ್ಮ ಯಜಮಾನರು ‘ಆಗಲೇ ಹೇಳಿದ್ದೆ’ ಎಂದು ಅಂದಾರು ಎಂಬ ಹೆದರಿಕೆ ನಿಮಗೆ. ಅನ್ನಲೂಬಹುದು. ಅಂದರೆ ಆಗ ನೋವಾಗುತ್ತದೆ, ನಿಜ. ಆದರೆ ನೀವು ಬಚ್ಚಲಲ್ಲಿ ಒಬ್ಬರೇ ಬಿದ್ದು, ಒಬ್ಬರೇ ಗೋಡೆ ಹಿಡಿದು ಎದ್ದು, ಸೀರೆ ಸರಿಮಾಡಿಕೊಂಡು ಏನೂ ಆಗದವರ ಹಾಗೆ ಹೊರಗೆ ಬರುವುದಕ್ಕಿಂತ ಆ ಮಾತು ಕೇಳುವುದೇ ವಾಸಿ. ‘ನೀವು ಬೇಡ ಅಂದಿದ್ದು ನೆನಪಿದೆ. ಆ ಮಾತು ಇನ್ನೊಂದು ದಿನ ಆಡೋಣ. ಈಗ ನನಗೆ ಭಯ ಆಗ್ತಿದೆ, ಜೊತೆಗೆ ಬನ್ನಿ’ ಎನ್ನಿ. ಇಷ್ಟು ಸಾಕು. ಬಾಯಿಬಿಟ್ಟು ಹೇಳಲು ಆಗದಿದ್ದರೆ ನಿಮ್ಮ ಈ ಪತ್ರವನ್ನೇ ಅವರ ಕೈಗೆ ಕೊಡಿ.

ಇಷ್ಟೆಲ್ಲ ಆದ ಮೇಲೂ ಬೆಳಿಗ್ಗೆ ಏಳಲು ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ತಡ ಮಾಡಬೇಡಿ. ತಿಂಗಳುಗಟ್ಟಲೆ ನೋವು ತಿಂದವರಿಗೆ ಹೀಗಾಗುತ್ತದೆ, ಅದಕ್ಕೂ ಚಿಕಿತ್ಸೆ ಇದೆ.

ಡಾಕ್ಟರ ಹತ್ತಿರ ಹೋಗುವಾಗ ಆ ಬಲಗಾಲಿನ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರ ಮುಂತುದಿ ಎಡಗಾಲಿನದಕ್ಕಿಂತ ಜಾಸ್ತಿ ಸವೆದಿರಬಹುದು. ‘ಹೇಗಿದ್ದೀರಿ’ ಎಂದು ಅವರು ಕೇಳಿದಾಗ ಬಾಯಿಗೆ ಮತ್ತೆ ‘ಆರಾಮ’ ಎಂದೇ ಬಂದರೆ, ಆ ಚಪ್ಪಲಿಯನ್ನು ತೆಗೆದು ಅವರ ಮುಂದೆ ಇಡಿ.