ಇಲಿಗೆ ಶುಗರ್ ಇಳಿಸಿದ ಎಲೆ ಅಪ್ಪನಿಗೂ ಆಗುತ್ತಾ?

ಪ್ರಶ್ನೆ: ಅಪ್ಪನಿಗೆ ಹಳೇ ಶುಗರ್, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ. ಹಿತ್ತಲಿನ ಇನ್ಸುಲಿನ್ ಗಿಡದ ಎಲೆ ಇಲಿಗಳಲ್ಲಿ ಕೆಲಸ ಮಾಡಿದೆಯಂತೆ. ಕೊಡಬಹುದಾ?

ಉತ್ತರ: ಇಲಿಗಳಲ್ಲಿ ಸಕ್ಕರೆ ಇಳಿದಿದ್ದು ನಿಜ. ಆದರೆ ಲ್ಯಾಬ್ ಇಲಿಗೆ ಶುಗರ್ ತಾನಾಗೇ ಬಂದಿರುವುದಿಲ್ಲ. ಸಾಮಾನ್ಯವಾಗಿ ಸ್ಟ್ರೆಪ್ಟೊಜೋಟೊಸಿನ್ ಅನ್ನುವ ರಾಸಾಯನಿಕ ಚುಚ್ಚಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಹಾಳು ಮಾಡುತ್ತಾರೆ. ಕೆಲವೇ ದಿನಗಳಲ್ಲಿ ಸಕ್ಕರೆ ಏರುತ್ತದೆ. ಅಪ್ಪನ ಶುಗರ್ ವರ್ಷಗಟ್ಟಲೆ ಬೆಳೆದದ್ದು, ಅಲ್ವಾ?

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲಬಹುದು. ಸೋರ್ಬಿನಿಲ್ ಅನ್ನುವ ಔಷಧಿ ಶುಗರ್ ಇರುವ ಇಲಿಗಳ ಕಣ್ಣಿಗೆ ಪೊರೆ ಬರದಂತೆ ತಡೆಯಿತು. ಎಲ್ಲರಿಗೂ ಭಾರಿ ಆಸೆ ಹುಟ್ಟಿತು. ಶುಗರ್‌ನಿಂದ ಮನುಷ್ಯರ ರೆಟಿನಾಗೆ (ಕಣ್ಣಿನ ಒಳಪರದೆಗೆ) ಆಗುವ ಹಾನಿಯನ್ನು ತಡೆಯುವಲ್ಲಿ ಮಾತ್ರ ಅದು ಸೋತಿತು, 1990ರಲ್ಲಿ.

ರಕ್ತ ಸುರಿಯುವುದು ನಿಲ್ಲಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆ ಇಲಿಗಳಲ್ಲಿ ಇನ್ನೂ ಸರಳ. ಇಲಿಯ ಬಾಲದ ತುದಿ ಕತ್ತರಿಸಿ, ಫಿಲ್ಟರ್ ಪೇಪರ್ ಒತ್ತಿ ಒತ್ತಿ, ಕಲೆ ನಿಲ್ಲುವವರೆಗೆ ಸಮಯ ನೋಡುತ್ತಾರೆ. ಅಂದಹಾಗೆ, ವಾರ್ಫರಿನ್ 1948ರಲ್ಲಿ ಬಂದಿದ್ದೇ ಇಲಿ ಪಾಷಾಣವಾಗಿ! ನಮ್ಮ ಮೂಡಿಗೆರೆ ಕಡೆ ಗೋದಾಮಿನಲ್ಲಿಡುವ ಬ್ರೊಮಾಡಿಯೊಲೋನ್ ಬಿಲ್ಲೆಯೂ ಅದೇ ಜಾತಿಯದ್ದು.

ವಾರ್ಫರಿನ್ ತಗೊಳ್ಳುವವರಿಗೆ ಸೊಪ್ಪು ಜಾಸ್ತಿ ಕಮ್ಮಿ ಆದರೂ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) ಏರುಪೇರಾಗುತ್ತದೆ. ಸುಮ್ನೆ ಎಲೆ ಕೊಡಬೇಡಿ. ಮೊದಲು ಡಾಕ್ಟರಿಗೆ ಹೇಳಿ.